ಕೀನ್ಯಾದ ಹಳ್ಳಿ ಶಾಲೆಗೆ ಹತ್ತು ಕಂಪ್ಯೂಟರ್ ಕೊಡಬೇಕು ಅಂತಿದ್ದೀವಿ, ಸರಿಯಾ ತಪ್ಪಾ ಹೇಳಿ

ಅರಸೀಕೆರೆ ಪ್ಯಾಸೆಂಜರ್ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಪಿಯುಸಿ ಬ್ಯಾಚಿಗೆ ಇಪ್ಪತ್ತೈದು ವರ್ಷ ತುಂಬಿತು ಅಂತ ಹೋದ ತಿಂಗಳು ಎಲ್ಲ ಸೇರಿದ್ದೆವು. ಊಟ, ಫೋಟೊ, ಮೇಷ್ಟ್ರುಗಳಿಗೆ ಶಾಲು ಎಲ್ಲ ಆದಮೇಲೂ 4,20,000 ರೂಪಾಯಿ ಉಳಿದಿದೆ. ನಮ್ಮ ಪೈಕಿ ಒಬ್ಬ ಕೀನ್ಯಾದ ಮಚಾಕೋಸ್ ಕಡೆ ರಸ್ತೆ ಕೆಲಸದಲ್ಲಿ ಎಂಜಿನಿಯರ್. ಅವನ ಕ್ಯಾಂಪಿನ ಪಕ್ಕ ಒಂದು ಪ್ರೈಮರಿ ಶಾಲೆ ಇದೆ. ಅದರ ವಿಡಿಯೊ ತೋರಿಸಿದ. ತಗಡಿನ ಮಾಡು, ಒಂದು ಡೆಸ್ಕಿಗೆ ನಾಲ್ಕು ಮಕ್ಕಳು, ಕರೀಹಲಗೆ ಬೆಳ್ಳಗಾಗಿದೆ. ನೋಡಿದವರ ಮನಸ್ಸು ಕರಗಿ, ಹತ್ತು ಕಂಪ್ಯೂಟರ್, ಮೇಲೆ ಸೋಲಾರ್, ಬಾಗಿಲಿಗೆ ನಮ್ಮ ಬ್ಯಾಚಿನ ಹೆಸರಿನ ಬೋರ್ಡು ಅಂತ ಅಲ್ಲೇ ತೀರ್ಮಾನ ಆಯ್ತು. ಬೋರ್ಡಿನ ಡಿಸೈನೂ ರೆಡಿ ಇದೆ (ನಗಬೇಡಿ).

ಅಷ್ಟರಲ್ಲಿ ಗೆಳೆಯನ ಹೆಂಡತಿ ಒಬ್ಬರು ವಿಡಿಯೊ ನಿಲ್ಲಿಸಿ ಕೇಳಿದ್ರು: "ಅಲ್ಲ, ಎಲ್ಲ ಮಕ್ಕಳ ಕೈಯಲ್ಲೂ ಒಂದೊಂದು ಹಳದಿ ಕ್ಯಾನ್ ಇದೆಯಲ್ಲ, ಅದೇನು?" ನಮಗ್ಯಾರಿಗೂ ಗೊತ್ತಿರಲಿಲ್ಲ. ಎಂಜಿನಿಯರಿಗೂ ಗೊತ್ತಿರಲಿಲ್ಲ, ಎರಡು ವರ್ಷದಿಂದ ಅಲ್ಲೇ ಇದ್ದಾನೆ! ಆವತ್ತಿಂದ ನನಗೆ ಸಣ್ಣ ಅನುಮಾನ ಶುರುವಾಗಿದೆ. ಆಫ್ರಿಕಾದ ಹಳ್ಳಿಗಳನ್ನ ಬಲ್ಲವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಜಗಲಿಕಟ್ಟೆ · ಶನಿವಾರ ರಾತ್ರಿ 10:05

ನಮ್ಮ ತಾಲೂಕಿನ ಸರ್ಕಾರಿ ಶಾಲೆಯಲ್ಲಿ ಮಳೆ ಬಂದ್ರೆ ಮಕ್ಕಳು ಮೂಲೆಗೆ ಸರಿದು ಕೂರ್ತವೆ. ಅರಸೀಕೆರೆ ದುಡ್ಡಿಗೆ ಅರಸೀಕೆರೆ ಕಾಣಲಿಲ್ವಾ ಸ್ವಾಮಿ? ಆಫ್ರಿಕಾದಲ್ಲಾದ್ರೆ ಫೋಟೊ ಚೆನ್ನಾಗಿ ಬರುತ್ತೆ, ಅಷ್ಟೇ.

ಅರಸೀಕೆರೆ ಪ್ಯಾಸೆಂಜರ್ · ಶನಿವಾರ ರಾತ್ರಿ 10:12

ನಾವು ಓದಿದ ಕಾಲೇಜಿಗೆ ಬೇರೆ ಕೊಟ್ಟಿದ್ದೀವಿ ಸಾರ್. ಇದು ಅದರ ಮೇಲಿನದು. ಫೋಟೊ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ.

ಒರತೆ · ಭಾನುವಾರ ಬೆಳಿಗ್ಗೆ 6:50

ಹಳದಿ ಕ್ಯಾನಿನ ವಿಷಯ ನಾನು ಹೇಳ್ತೀನಿ. ಯಜಮಾನರ ಕೆಲಸದಿಂದಾಗಿ ಒಂಬತ್ತು ವರ್ಷ ಮಚಾಕೋಸಿನಲ್ಲಿದ್ದೆ. ಅಲ್ಲಿನ ಹೆಂಗಸರ ಗುಂಪುಗಳ ಜೊತೆ ಓಡಾಡಿದ್ದೀನಿ.

ಅದು ಅಡುಗೆ ಎಣ್ಣೆ ತುಂಬಿ ಬರುವ ಜೆರಿಕ್ಯಾನ್. ಎಣ್ಣೆ ಮುಗಿದಮೇಲೆ ಅದೇ ಆ ನಾಡಿನ ಬಿಂದಿಗೆ. ದೊಡ್ಡದು 20 ಲೀಟರಿನದು, ಮಕ್ಕಳ ಕೈಲಿರೋದು 5 ಲೀಟರಿನದು. ಶಾಲೆಯಲ್ಲಿ ನೀರಿಲ್ಲ. ಹಾಗಾಗಿ ಮಕ್ಕಳು ಪುಸ್ತಕದ ಜೊತೆ ನೀರೂ ಹೊತ್ತು ಬರಬೇಕು. ಮಧ್ಯಾಹ್ನದ ಗಿಥೇರಿ (ಮೆಕ್ಕೆಜೋಳ, ಕಾಳು ಸೇರಿಸಿ ಬೇಯಿಸೋದು) ಆ ನೀರಿನಲ್ಲೇ ಬೇಯಬೇಕು. ಕೆಲವು ಶಾಲೆಗಳಲ್ಲಿ ಸೌದೆಯೂ ಮಕ್ಕಳದೇ.

ನೀರು ಎಲ್ಲಿಂದ? ಮಚಾಕೋಸ್, ಮಕುಯೇನಿ, ಕಿಟುಯಿ ಸೇರಿ ಉಕಂಬಾನಿ ಅಂತಾರೆ, ಕಾಂಬಾ ಜನರ ಸೀಮೆ. ಮಳೆ ವರ್ಷಕ್ಕೆ ಎರಡು ಸಲ, ಮಾರ್ಚಿನಿಂದ ಮೇ ಒಂದು, ಅಕ್ಟೋಬರಿನಿಂದ ಡಿಸೆಂಬರ್ ಇನ್ನೊಂದು. ಎರಡನೇದನ್ನೇ ಜನ ಹೆಚ್ಚು ನಂಬೋದು. ಹೊಳೆಗಳು ಮಳೆ ಬಂದ ನಾಲ್ಕು ದಿನ ಕೆಂಪಗೆ ಉಕ್ಕಿ ಹರಿದು ಆಮೇಲೆ ಬರೀ ಮರಳು. ಆ ಮರಳಲ್ಲಿ ಹೆಂಗಸರು ಗುಂಡಿ ತೋಡ್ತಾರೆ. ನಾನು ಹುಟ್ಟಿದ್ದು ಹಗರಿ ದಂಡೆಯ ಊರಲ್ಲಿ. ಮೊದಲ ಸಲ ಆ ಗುಂಡಿ ನೋಡಿದಾಗ ಬಾಯಿಂದ ತಾನಾಗಿ ಬಂತು: "ಅಯ್ಯೋ, ಒರತೆ!" ನಮ್ಮಜ್ಜಿ ತೋಡುತ್ತಿದ್ದ ಹಾಗೇ. ಮೊದಲು ಬಂದ ಬಗ್ಗಡ ಎತ್ತಿ ಚೆಲ್ಲೋದು, ಅಂಚನ್ನ ಅಂಗೈಯಲ್ಲಿ ತಟ್ಟಿ ಗಟ್ಟಿ ಮಾಡೋದು, ತಿಳಿಯಾಗೋ ತನಕ ಕುಕ್ಕರಗಾಲಲ್ಲಿ ಕಾಯೋದು. ಹೋಗುವಾಗ ಆಡು ಬಾಯಿ ಹಾಕದ ಹಾಗೆ ಸುತ್ತ ಮುಳ್ಳು ಕೊಂಬೆ. ಒಂದೇ ವ್ಯತ್ಯಾಸ, ಅವರು ಕಂಕುಳಲ್ಲಿ ಇಟ್ಟುಕೊಳ್ಳಲ್ಲ. ಕ್ಯಾನಿಗೆ ಪಟ್ಟಿ ಕಟ್ಟಿ, ಆ ಪಟ್ಟಿಯನ್ನ ಹಣೆಗೆ ಕೊಟ್ಟು, ಬೆನ್ನ ಮೇಲೆ 20 ಕೆಜಿ ಹೊರುತ್ತಾರೆ. ಆರನೇ ಕ್ಲಾಸಿನ ಒಂದು ಹುಡುಗಿ ನಮ್ಮ ಮನೆಗೆ ಲೆಕ್ಕ ಹೇಳಿಸಿಕೊಳ್ಳೋಕೆ ಬರ್ತಿದ್ಲು. ಅವಳ ಹಣೆ ಮೇಲೆ ಆ ಪಟ್ಟಿಯ ಗೀರು ಇತ್ತು. ಬೇಸಿಗೆ ಜೋರಾದಂತೆ ಗುಂಡಿ ಆಳ ಆಗುತ್ತೆ, ಸರದಿ ಉದ್ದ ಆಗುತ್ತೆ, ಆ ಹುಡುಗಿ ಶಾಲೆಗೆ ಬರೋದು ಹತ್ತು ಗಂಟೆಗೆ, ಹನ್ನೊಂದಕ್ಕೆ, ಆಮೇಲೆ ಬರೋದೇ ಇಲ್ಲ. ಹಾಜರಿ ಪುಸ್ತಕ ನೋಡಿದ್ರೆ ಹೊಳೆಯಲ್ಲಿ ನೀರು ಎಷ್ಟು ಆಳಕ್ಕೆ ಇಳಿದಿದೆ ಅಂತ ಹೇಳಬಹುದಿತ್ತು.

ನಿಮ್ಮ ಕಂಪ್ಯೂಟರ್ ಕೆಟ್ಟ ಯೋಚನೆ ಅಂತಲ್ಲ ತಮ್ಮಾ. ಆದರೆ ಹನ್ನೊಂದು ಗಂಟೆಗೆ ಬರೋ ಹುಡುಗಿಗೆ ಅದರ ಪೀರಿಯಡ್ಡು ಆಗಲೇ ಮುಗಿದಿರುತ್ತೆ. ಉಳಿದದ್ದು ಸಂಜೆ ಬರೀತೀನಿ, ಇಡ್ಲಿ ಒಲೆ ಮೇಲಿದೆ.

ಅಂಕಿಸಂಖ್ಯೆ · ಭಾನುವಾರ ಬೆಳಿಗ್ಗೆ 11:20

ಒರತೆ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕೀನ್ಯಾದ ಪಶ್ಚಿಮಕ್ಕೆ ಬುಸಿಯಾ ಅಂತ ಜಿಲ್ಲೆ. 1990ರ ದಶಕದಲ್ಲಿ ಅಲ್ಲಿ ಮೈಕಲ್ ಕ್ರೆಮರ್ ಅನ್ನೋ ಅರ್ಥಶಾಸ್ತ್ರಜ್ಞ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದ್ರು. ಚೀಟಿ ಎತ್ತಿದ ಹಾಗೆ ಕೆಲವು ಶಾಲೆ ಆರಿಸಿ ಅವಕ್ಕೆ ಮಾತ್ರ ಪಠ್ಯಪುಸ್ತಕ ಕೊಟ್ಟು, ಉಳಿದವುಗಳ ಜೊತೆ ಹೋಲಿಸಿದ್ರು. ಸರಾಸರಿ ಅಂಕ ಏರಲೇ ಇಲ್ಲ. ಮೊದಲೇ ಜಾಣರಿದ್ದ ಮಕ್ಕಳಿಗೆ ಮಾತ್ರ ಉಪಯೋಗ ಆಯ್ತು. ಯಾಕಂದ್ರೆ ಪುಸ್ತಕ ಇಂಗ್ಲಿಷಿನಲ್ಲಿ. ಮನೆ ಮಾತು ಒಂದು, ಸ್ವಾಹಿಲಿ ಎರಡನೇದು, ಇಂಗ್ಲಿಷ್ ಮೂರನೇದು. ಬಹಳ ಮಕ್ಕಳಿಗೆ ಪುಸ್ತಕ ಓದೋಕೇ ಬರ್ತಿರಲಿಲ್ಲ.

ಅದೇ ಸೀಮೆಯಲ್ಲಿ 1998ರಿಂದ 75 ಶಾಲೆಗಳಲ್ಲಿ ಜಂತುಹುಳದ ಮಾತ್ರೆ ಕೊಟ್ಟರು. ಗೈರುಹಾಜರಿ ಸುಮಾರು ಕಾಲು ಭಾಗ ಇಳೀತು. ಆ ಲೆಕ್ಕದ ಬಗ್ಗೆ ಆಮೇಲೆ ಪಂಡಿತರ ನಡುವೆ ದೊಡ್ಡ ಜಗಳವೇ ಆಯ್ತು, ಅದು ಬೇರೆ ಕಥೆ. 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಜೊತೆ ನೊಬೆಲ್ ಹಂಚಿಕೊಂಡವರು ಇದೇ ಕ್ರೆಮರ್. ಪುಸ್ತಕದ್ದೇ ಈ ಪಾಡಾದ್ರೆ ಕಂಪ್ಯೂಟರ್?

ವಿ.ಸಿ. ಫಾರಂ ಹುಡ್ಗ · ಭಾನುವಾರ ಮಧ್ಯಾಹ್ನ 1:15

ಕಂಪ್ಯೂಟರ್ ಬುಡಿ ಅತ್ಲಾಗೆ. ರಾಗಿ ಬೀಜ ಕಳ್ಸಿ ಅಣ್ಣೋ! ತಮಾಸೆ ಅಲ್ಲ. ರಾಗಿ ಹುಟ್ಟಿದ್ದೇ ಆಫ್ರಿಕಾದಲ್ಲಿ, ಇಥಿಯೋಪಿಯಾ, ಉಗಾಂಡದ ಎತ್ತರದ ಸೀಮೆ. ಅಲ್ಲಿಂದ ಸಾವಿರಾರು ವರ್ಸದ ಹಿಂದೆ ನಮ್ ಕಡೆ ಬಂತು. ಮಂಡ್ಯದ ವಿ.ಸಿ. ಫಾರಮ್ಮಲ್ಲಿ (ಬೆಳೆ ಸಂಶೋಧನೆ ಕೇಂದ್ರ) ಲಕ್ಷ್ಮಣಯ್ಯನೋರು ನಮ್ ನಾಟಿ ರಾಗಿಗೂ ಆಫ್ರಿಕಾದ ದಪ್ಪ ತೆನೆ ರಾಗಿಗೂ ತಳಿ ಸಂಕರ ಮಾಡಿ 'ಇಂಡಾಫ್' ತಂದ್ರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಇಂಡಾಫ್-5, ಇಂಡಾಫ್-9 ಅಂದ್ರೆ ನಮ್ ತಾತ ಈಗ್ಲೂ ಕೈ ಮುಗೀತಾರೆ. ಸುಮ್ನೆ ಅಲ್ಲ ಅವ್ರನ್ನ ರಾಗಿ ಬ್ರಹ್ಮ ಅನ್ನಾದು. ನಮ್ ಮುದ್ದೇಲಿ ಅರ್ಧ ಅವ್ರ ಪಾಲೈತೆ, ಸಾಲ ತೀರ್ಸ್ಬೇಕಲ್ವಾ.

ಒರತೆ · ಭಾನುವಾರ ಸಂಜೆ 7:30

ಫಾರಂ ಹುಡುಗನ ಮಾತು ಓದಿ ಖುಷಿಯಾಯ್ತು. ಕೀನ್ಯಾದಲ್ಲಿ ರಾಗಿಗೆ ವಿಂಬಿ ಅಂತಾರೆ, ಅದರ ಗಂಜಿ ಊಜಿ, ಥೇಟ್ ನಮ್ಮ ಅಂಬಲಿ. ಆದರೆ ರಾಗಿ ಹೆಚ್ಚು ಬೆಳೆಯೋದು ಬುಸಿಯಾ, ಕಿಸಿ ಕಡೆ, ಪಶ್ಚಿಮದಲ್ಲಿ. ಉಕಂಬಾನಿಯಲ್ಲಿ ಬೀಜಕ್ಕೇನೂ ಬರ ಇಲ್ಲಪ್ಪ, ನೀರಿಗೆ ಬರ.

ಈಗ ಬೆಳಿಗ್ಗೆ ಅರ್ಧಕ್ಕೆ ಬಿಟ್ಟದ್ದು. ಆ ಮರಳ ಹೊಳೆಗೇ ಅಡ್ಡಲಾಗಿ ಒಂದು ಗೋಡೆ ಕಟ್ಟೋ ಪದ್ಧತಿ ಅಲ್ಲಿದೆ. ನಾವು ಮರಳ ಕಟ್ಟೆ ಅನ್ನಬಹುದು. ನೀರು ನಿಲ್ಲಿಸೋಕೆ ಕಟ್ಟೋ ಗೋಡೆ ಅಲ್ಲ, ಮರಳು ನಿಲ್ಲಿಸೋಕೆ. ತಳದ ಬಂಡೆಗೆ ಕಚ್ಚಿಸಿ ಕಲ್ಲು ಸಿಮೆಂಟಿನ ಗೋಡೆ ಎಬ್ಬಿಸ್ತಾರೆ. ಮಳೆಗಾಲದ ಹೊಳೆ ತಂದ ಮಣ್ಣಿನಲ್ಲಿ ಹಗುರದ ಗೋಡು ಗೋಡೆ ಹಾರಿ ಮುಂದಕ್ಕೆ ಹೋಗುತ್ತೆ, ಭಾರದ ಮರಳು ಹಿಂದೆ ಕೂರುತ್ತೆ. ಒಂದೆರಡು ಮಳೆಗಾಲ, ಕೆಲವು ಕಡೆ ಇನ್ನೂ ಹೆಚ್ಚು, ಗೋಡೆ ಹಿಂದೆ ಮರಳು ತುಂಬುತ್ತೆ. ಆ ಮರಳಿನ ಸಂದುಗಳಲ್ಲಿ ನೀರು. ತುಂಬಿದ ಮರಳಿನ ಗಾತ್ರದಲ್ಲಿ ಶೇ. 25ರಿಂದ 40ರಷ್ಟು ನೀರೇ ಇರುತ್ತೆ. ಮರಳ ಕೆಳಗಿರೋದರಿಂದ ಬಿಸಿಲಿಗೆ ಆರಲ್ಲ, ಸೊಳ್ಳೆ ಮೊಟ್ಟೆ ಇಡಲ್ಲ, ದನ ತುಳಿಯಲ್ಲ. ಮೊದಲು ಎರಡಾಳು ಆಳ ತೋಡುತ್ತಿದ್ದ ಒರತೆ ಮೊಣಕೈ ಆಳಕ್ಕೆ ಬರುತ್ತೆ.

ಇದು ನಿನ್ನೆ ಮೊನ್ನೆಯ ಪ್ರಾಜೆಕ್ಟ್ ಅಲ್ಲ. ಬ್ರಿಟಿಷರ ಕಾಲದಲ್ಲಿ 1950ರ ದಶಕದಲ್ಲೇ ಕೆಲವು ಕಟ್ಟಿದ್ದರು. 1978ರಲ್ಲಿ ಜೋಶುವಾ ಮುಕುಸ್ಯಾ ಅನ್ನೋ ಅದೇ ಸೀಮೆಯವರು ಊಟೂನಿ ಅಂತ ಗುಂಪು ಕಟ್ಟಿ ಇದನ್ನೇ ಊರೂರಿಗೆ ಹಬ್ಬಿಸಿದರು. ಗುಟ್ಟು ಇರೋದು ಗೋಡೆಯಲ್ಲಲ್ಲ, ಮ್ವೆಥ್ಯಾದಲ್ಲಿ. ಮ್ವೆಥ್ಯಾ ಅಂದ್ರೆ ಕಾಂಬಾ ಜನರ ಮುಯ್ಯಾಳು. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. ಕಲ್ಲು ಒಡೆದು ಹೊರೋದು, ಮರಳು ಜಲ್ಲಿ ಸಾಗಿಸೋದು, ಗೋಡೆಗೆ ನೀರು ಹಾಕೋದು ಎಲ್ಲ ಅವರದೇ. ಹೊರಗಿನವರು ಕೊಡೋದು ಸಿಮೆಂಟು, ಕಂಬಿ, ಜಾಗ ಆರಿಸೋ ಎಂಜಿನಿಯರ್. ನಾನು ನೋಡಿದ ಗುಂಪಿನಲ್ಲಿ ಮುಕ್ಕಾಲು ಜನ ಹೆಂಗಸರು, ಗಂಡಸರು ನೈರೋಬಿಯಲ್ಲಿ. ಯಾರು ಎಷ್ಟು ದಿನ ಕಲ್ಲು ಹೊತ್ತರು ಅಂತ ಬರೆಯೋ ನೋಟ್‌ಬುಕ್ಕು ಒಬ್ಬ ಅಜ್ಜಿ ಹತ್ರ ಇತ್ತು. ಅಜ್ಜಿಗೆ ಓದು ಬರಲ್ಲ. ಮೊಮ್ಮಗಳು ಬರೀತಿದ್ಲು, ಅಜ್ಜಿ ಹೆಸರು ಕರೆದು ಹೇಳ್ತಿದ್ಲು. ಒಂದು ಮುಂಜಾನೆ ಬಾರದಿದ್ದವರಿಗೆ ದಂಡ. ನಾನೂ ಒಂದು ಸಲ 50 ಶಿಲ್ಲಿಂಗ್ ಕಟ್ಟಿದ್ದೀನಿ!

ಜೊತೆಗೆ ಇಳಿಜಾರಿನ ಹೊಲಕ್ಕೆ ಬದು. ಸ್ವಾಹಿಲಿಯಲ್ಲಿ 'ಫಾನ್ಯಾ ಜೂ', ಮೇಲಕ್ಕೆ ಹಾಕು ಅಂತ ಅರ್ಥ. ಕಾಲುವೆ ತೋಡಿ ಮಣ್ಣನ್ನ ಮೇಲ್ಗಡೆಗೆ ಎತ್ತಿ ಹಾಕ್ತಾರೆ, ಕ್ರಮೇಣ ಹೊಲ ತಾನೇ ಮೆಟ್ಟಿಲಾಗುತ್ತೆ. 1930ರ ದಶಕದಲ್ಲಿ ಇಂಗ್ಲಿಷ್ ಅಧಿಕಾರಿಗಳು ಮಚಾಕೋಸ್ ನೋಡಿ ಈ ಮಣ್ಣು ಮುಗೀತು, ಇಲ್ಲಿ ಜನ ಜಾಸ್ತಿ ಆದ್ರು ಅಂತ ಷರಾ ಬರೆದಿದ್ದರು. ಆಗ ಜನ ಸುಮಾರು 2.4 ಲಕ್ಷ. 1989ರ ಹೊತ್ತಿಗೆ ಸುಮಾರು 14 ಲಕ್ಷ. ಮಣ್ಣು ಕೊಚ್ಚಿ ಹೋಗೋದು ಮಾತ್ರ ಮೊದಲಿಗಿಂತ ಕಡಿಮೆ ಆಗಿತ್ತು, ಎಕರೆಗೆ ಬೆಳೆಯೂ ಹೆಚ್ಚಿತ್ತು.

ಹಳೇ ಡಸ್ಟರ್ · ಭಾನುವಾರ ರಾತ್ರಿ 8:45

ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವನು ನಾನು. ಅಂಕಿಸಂಖ್ಯೆಯವರು ಹೇಳಿದ ಇಂಗ್ಲಿಷ್ ಪುಸ್ತಕದ ವಿಷಯ ಎದೆಗೆ ತಾಕಿತು. ಕೀನ್ಯಾದಲ್ಲೂ ನೀತಿ ಅಂತ ಇರುವುದು ಮೊದಲ ಮೂರು ತರಗತಿ ಊರ ಭಾಷೆಯಲ್ಲಿ ಎಂದೇ. ಪರೀಕ್ಷೆ ಇಂಗ್ಲಿಷಿನಲ್ಲಿ, ಆದ್ದರಿಂದ ತಂದೆ ತಾಯಿಗೂ ಮೇಷ್ಟರಿಗೂ ಇಂಗ್ಲಿಷಿನ ಅವಸರ. ಅಲ್ಲಿನ ಹೆಸರಾಂತ ಲೇಖಕ ನ್ಗೂಗಿ ವಾ ಥಿಯಾಂಗೊ ತಮ್ಮ ಬಾಲ್ಯದ ಬಗ್ಗೆ ಬರೆದಿದ್ದಾರೆ, ಶಾಲೆಯಲ್ಲಿ ಮನೆಮಾತು ಗಿಕುಯು ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಹಲಗೆ ತೂಗುಹಾಕುತ್ತಿದ್ದರಂತೆ. ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳನ್ನು ಕಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ನ್ಗೂಗಿ 1970ರ ದಶಕದಲ್ಲಿ ಲಿಮೂರು ಹತ್ತಿರದ ಕಮಿರೀಥು ಹಳ್ಳಿಯಲ್ಲಿ ಏನು ಮಾಡಿದರು ನೋಡಿ. ಅಲ್ಲೊಂದು ವಯಸ್ಕರ ಶಿಕ್ಷಣ ಕೇಂದ್ರ. ರೈತರು, ಕಾರ್ಖಾನೆಯ ಕೂಲಿಗಳು ಅಕ್ಷರ ಕಲಿಯಲು ಬರುತ್ತಿದ್ದರು. ಕಲಿತ ಮೇಲೆ ಮುಂದೇನು? ತಮ್ಮದೇ ಬದುಕಿನ ನಾಟಕ, ತಮ್ಮದೇ ಭಾಷೆಯಲ್ಲಿ. ಬಯಲು ರಂಗಮಂದಿರವನ್ನು ಊರವರೇ ಕಟ್ಟಿದರು. ತಾಲೀಮಿನಲ್ಲಿ ಮುದುಕರು ಎದ್ದುನಿಂತು "ನಾವು ಹೀಗೆ ಮಾತಾಡುವುದಿಲ್ಲ" ಎಂದು ಲೇಖಕರನ್ನೇ ತಿದ್ದಿದರು. 1977ರಲ್ಲಿ ನಾಟಕಕ್ಕೆ ಜನ ಕಿಕ್ಕಿರಿದರು, ಕೆಲವೇ ವಾರಗಳಲ್ಲಿ ಸರ್ಕಾರ ನಿಲ್ಲಿಸಿತು, ವರ್ಷದ ಕೊನೆಗೆ ನ್ಗೂಗಿ ಜೈಲಿಗೆ. 1982ರಲ್ಲಿ ರಂಗಮಂದಿರವನ್ನೇ ಕೆಡವಿಸಿದರು. ಹಳ್ಳಿಯ ಕೂಲಿಯವನು ಓದು ಕಲಿತರೆ ಅಷ್ಟು ಹೆದರಿಕೆ.

ಇಷ್ಟುದ್ದ ಬರೆದದ್ದು ಯಾಕೆಂದರೆ, ನಿಮ್ಮ ಬ್ಯಾಚಿನವರು ಪುಸ್ತಕ ಕೊಡುವುದಾದರೆ ಕಾಂಬಾ ಭಾಷೆಯಲ್ಲಿ ಇರುವುದನ್ನು ಮೊದಲು ಹುಡುಕಿ. ಬೆಂಗಳೂರಿನ ಹಳೇ ಇಂಗ್ಲಿಷ್ ಪುಸ್ತಕಗಳನ್ನು ಮೂಟೆ ಕಟ್ಟಿ ಕಳಿಸಬೇಡಿ.

ನುಗ್ಗೀಕೇರಿ · ಸೋಮವಾರ ಬೆಳಿಗ್ಗೆ 8:10

ನಾ ಇಥಿಯೋಪಿಯಾದಾಗ ಆರು ವರ್ಷ ಯೂನಿವರ್ಸಿಟಿಯೊಳಗ ಕಲಿಸೇನ್ರಿ. ಆವಾಗ ಅವ್ರು ಒಂದರ ಮ್ಯಾಲೊಂದು ಯೂನಿವರ್ಸಿಟಿ ತಗೀಲಿಕ್ಕತ್ತಿದ್ರು, ಮಾಸ್ತರು ಸಾಲದ ನಮ್ಮ ದೇಶದಿಂದ ಕರಸ್ಕೊಂಡ್ರು. ಧಾರವಾಡದಿಂದನ ಹಲವು ಮಂದಿ ಹೋಗಿದ್ವಿ. ನನಗ ಅಲ್ಲಿ ಮೆಚ್ಚುಗಿ ಆದದ್ದು ಯೂನಿವರ್ಸಿಟಿ ಅಲ್ಲ ಮತ್ತ. ಹಳ್ಳಿಯೊಳಗಿನ ಆರೋಗ್ಯದ ಹುಡುಗ್ಯಾರು. 2003ರ ಸುಮಾರಿಗೆ ಸುರು ಮಾಡಿದ್ರು. ಒಂದು ಕೆಬೆಲೆಗೆ, ಅಂದ್ರ ನಮ್ಮ ಗ್ರಾಮ ಪಂಚಾಯ್ತಿ ಇದ್ದಂಗ ಅನ್ರಿ, ಇಬ್ಬರು ಹುಡುಗ್ಯಾರು. ಅದ ಊರಾಕಿ ಇರಬೇಕು, ಹತ್ತನೇತ್ತೆ ಮುಗಿಸಿರಬೇಕು. ಒಂದು ವರ್ಷ ತರಬೇತಿ, ಆಮ್ಯಾಲೆ ಸರ್ಕಾರಿ ಪಗಾರ. ಮೂವತ್ತು ಸಾವಿರಕ್ಕ ಮಿಕ್ಕಿ ತಯಾರಾದ್ರು. ಸಂಡಾಸದ ಕುಣಿ ಹ್ಯಾಂಗ ತೋಡಬೇಕು, ಬಾಣಂತಿಗೆ ಏನ ಕೊಡಬೇಕು, ಕೂಸಿಗೆ ಸೂಜಿ ಯಾವಾಗ, ಎಲ್ಲಾ ಮನಿಮನಿಗೆ ಹೋಗಿ. ಹತ್ತನೇತ್ತೆ ಮುಗಿಸಿದ ಹುಡುಗಿಗೆ ಊರಾಗ ಒಂದು ನೌಕರಿ ಐತಿ ಅಂದ ಕೂಡಲೇ, ಅಪ್ಪ ಅನ್ನಾಂವ ಸಣ್ಣ ಮಗಳನ್ನ ಸಾಲಿ ಬಿಡಸೂ ಮುಂದ ಎರಡ ಸಲ ವಿಚಾರ ಮಾಡತಾನ. ಇದನ್ನ ಯಾವ ಭಾಷಣದಾಗೂ ಕೇಳಿಲ್ಲ, ಕಣ್ಣಾರೆ ನೋಡೇನಿ.

ಇನ್ನೊಂದು ಹೇಳಬಾರದು, ಆದ್ರೂ ಹೇಳತೇನಿ. ಅದ ದೇಶದ ಗಂಬೆಲಾದಾಗ ನಮ್ಮ ಬೆಂಗಳೂರು ಮೂಲದ್ದೊಂದು ಕಂಪನಿ 1,00,000 ಹೆಕ್ಟೇರ್ ಗುತ್ತಿಗಿ ಹಿಡಿದಿತ್ತು. 'ವಿಕಾಸ' ಅಂತ ಹೇಳಿನ ಹಿಡಿದದ್ದು. ಬಾರೋ ಹೊಳಿ ಉಕ್ಕಿ ಪೀಕು ಹೋತು, ಸಾಗುವಳಿ ಆದದ್ದು ಒಂದು ಚೂರು ಅಷ್ಟ. 2015ರ ಕಡೀಕ ಸರ್ಕಾರ ಗುತ್ತಿಗಿ ರದ್ದು ಮಾಡ್ತು. ಕನ್ನಡದವರು ಅಂದ ಕೂಡ್ಲೆ ಅಲ್ಲಿ ಕೆಲವರು ನನ್ನ ಮಾರಿ ಒಂಥರಾ ನೋಡ್ತಿದ್ರು. ಅದಕ್ಕ ಬೋರ್ಡ್ ಹಾಕೂದು ಬ್ಯಾಡ್ರಿ, ಸುಮ್ಮನ ಕೊಡ್ರಿ.

ತೊಗರಿ ಕಣಜ · ಸೋಮವಾರ ಮಧ್ಯಾಹ್ನ 2:30

ಕಲಬುರಗಿಯಿಂದ. ಎಲ್ಲಾ ಛಲೋ ಹೇಳೀರಿ, ಒಂದು ಕೇಳತೀನಿ. ಆ ಮಚಾಕೋಸ್ ಮಂದಿ ಏನು ಬೆಳಿತಾರ? ತೊಗರಿ ಅಲ್ಲೇನು? ನಮ್ಮ ರೇಟು ಬೀಳಲಿಕ್ಕೆ ಆಫ್ರಿಕಾ ತೊಗರಿನೇ ಕಾರಣ ಅಂತ ಇಲ್ಲಿ ಎಪಿಎಂಸಿ ಮುಂದ ಧರಣಿ ಕೂಡತೀವಿ.

ಒರತೆ · ಸೋಮವಾರ ಸಂಜೆ 6:15

ಹೌದು ಅಣ್ಣ, ಉಕಂಬಾನಿ ಕೀನ್ಯಾದ ತೊಗರಿ ಕಣಜವೇ. ಹಸಿ ಕಾಯಿ ಸುಲಿದು ಗಿಥೇರಿಗೆ ಹಾಕ್ತಾರೆ, ಉಳಿದದ್ದು ಮಾರ್ತಾರೆ. ನಿಮ್ಮ ಸಂಕಟ ಸುಳ್ಳಲ್ಲ. ಆದರೆ ಅವರದ್ದೂ ಕೇಳಿ. 2016ರಲ್ಲಿ ನಮ್ಮ ಸರ್ಕಾರ ಮೊಜಾಂಬಿಕ್ ಜೊತೆ ಒಪ್ಪಂದ ಮಾಡ್ಕೊಂಡು ತೊಗರಿ ಬೆಳೀರಿ, ಕೊಳ್ತೀವಿ ಅಂತು. 2017ರ ಆಗಸ್ಟಿನಲ್ಲಿ ಇಲ್ಲಿ ಬೆಳೆ ಜಾಸ್ತಿ ಬಂತು ಅಂತ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು. ಮೊಜಾಂಬಿಕ್, ಮಲಾವಿ, ತಾಂಜಾನಿಯಾ ಎಲ್ಲ ಕಡೆ ರೇಟು ನೆಲ ಕಚ್ಚಿತು. ನಿಮ್ಮ ಎಪಿಎಂಸಿ ಧರಣಿಯಂಥದ್ದು ಅಲ್ಲಿನವರಿಗೆ ಮಾಡೋಕೆ ಜಾಗವೂ ಇಲ್ಲ, ಆದೇಶ ಆದದ್ದು ದಿಲ್ಲಿಯಲ್ಲಿ. ತೊಗರಿ ಮಾರಿದ ದುಡ್ಡಲ್ಲೇ ಮಕ್ಕಳ ಯೂನಿಫಾರ್ಮು, ಹೈಸ್ಕೂಲ್ ಹಾಸ್ಟೆಲ್ ಫೀಸು. 2003ರಲ್ಲಿ ಕೀನ್ಯಾ ಪ್ರೈಮರಿ ಫೀಸು ತೆಗೆದುಹಾಕಿದಾಗ ಮಕ್ಕಳ ಸಂಖ್ಯೆ 59 ಲಕ್ಷದಿಂದ 72 ಲಕ್ಷಕ್ಕೆ ಏರಿತು. 84 ವರ್ಷದ ಮಾರುಗೆ ಅನ್ನೋ ಅಜ್ಜನೂ ಮುಂದಿನ ವರ್ಷ ಒಂದನೇ ಕ್ಲಾಸಿಗೆ ಸೇರಿಕೊಂಡರು. 2008ರಿಂದ ಡೇ ಹೈಸ್ಕೂಲಿನ ಬೋಧನಾ ಶುಲ್ಕವೂ ಇಲ್ಲ. ಆದ್ರೂ ಬೂಟು, ಊಟ, ಪರೀಕ್ಷೆ ಅಂತ ಏನಾದರೂ ಇದ್ದೇ ಇರುತ್ತೆ.

ಮರಳಿನ ಬಗ್ಗೆ ಒಂದು ಎಚ್ಚರಿಕೆ ಹೇಳೋದು ಮರೆತೆ. ನೈರೋಬಿಯ ಕಟ್ಟಡಗಳಿಗೆ ಮರಳು ಹೋಗೋದು ಇದೇ ಹೊಳೆಗಳಿಂದ, ರಾತ್ರಿ ಲಾರಿಗಳಲ್ಲಿ. ಕಷ್ಟಪಟ್ಟು ಕಟ್ಟೆ ಕಟ್ಟಿ ಮರಳು ತುಂಬಿಸಿದರೆ ಅದನ್ನೇ ಕದ್ದು ಒಯ್ಯೋರಿದ್ದಾರೆ. ಮಕುಯೇನಿಯಲ್ಲಿ ಈ ಜಗಳಕ್ಕೆ ಜೀವಗಳೇ ಹೋಗಿವೆ, 2015ರಲ್ಲಿ ಅಲ್ಲಿನ ಕೌಂಟಿ (ಜಿಲ್ಲೆಯ ಸರ್ಕಾರ) ಮರಳು ಕಾಯೋಕೆ ಅಂತಲೇ ಕಾನೂನು ಮಾಡಿತು. ಮರಳು ದಂಧೆ ಅಂದ್ರೆ ಏನು ಅಂತ ನಮ್ಮವರಿಗೆ ಹೇಳಿಕೊಡಬೇಕಾ!

ತೊಗರಿ ಕಣಜ · ಸೋಮವಾರ ರಾತ್ರಿ 9:00

ಅವರೂ ನಮ್ಮಂಗೇ ಆತು ಅಕ್ಕಾ. ಆದ್ರೂ ಧರಣಿ ಬಿಡೂದಿಲ್ಲ ನಾವು.

ಅಂಕಿಸಂಖ್ಯೆ · ಸೋಮವಾರ ರಾತ್ರಿ 10:30

ಸೋಲಾರ್, ಕಂಪ್ಯೂಟರ್ ಅಂತ ಇನ್ನೂ ಮನಸ್ಸಿದ್ದವರಿಗೆ ಪ್ಲೇಪಂಪ್ ಕಥೆ ಹೇಳಲೇಬೇಕು. ಮಕ್ಕಳು ಕೂತು ಸುತ್ತುವ ತಿರುಗಣೆ, ಅದು ತಿರುಗಿದರೆ ಬೋರ್‌ವೆಲ್ಲಿನಿಂದ ನೀರು ಮೇಲೆ ಟ್ಯಾಂಕಿಗೆ. ಮಕ್ಕಳಿಗೆ ಆಟ, ಊರಿಗೆ ನೀರು. ಕೇಳೋಕೆ ಎಷ್ಟು ಚೆಂದ! 2006ರಲ್ಲಿ ಅಮೆರಿಕದಲ್ಲಿ ದೊಡ್ಡ ವೇದಿಕೆ ಮೇಲೆ 1.64 ಕೋಟಿ ಡಾಲರ್ ಘೋಷಣೆ, 2010ರೊಳಗೆ ಹತ್ತು ದೇಶಗಳಲ್ಲಿ 4,000 ಪಂಪು ಅನ್ನೋ ಗುರಿ. ಆಗಿದ್ದೇನು? ಮಕ್ಕಳು ಸ್ವಲ್ಪ ಹೊತ್ತು ಆಡಿ ಸುಸ್ತಾದರು. ಬಿಸಿಲಲ್ಲಿ ಅದನ್ನ ಕೈಯಲ್ಲಿ ತಿರುಗಿಸಿದ್ದು ಮತ್ತದೇ ಹೆಂಗಸರು. ಕೆಟ್ಟರೆ ರಿಪೇರಿ ಊರವರ ಕೈಲಾಗಲ್ಲ. ಬೆಲೆಯೋ, ಸಾಧಾರಣ ಕೈಪಂಪಿನ ಹಲವು ಪಟ್ಟು.

ಇದರ ಎದುರಿಗೆ ಆಫ್ರಿಡೆವ್ ಕೈಪಂಪು ನೋಡಿ. ಊರವರೇ ಒಂದು ಸ್ಪ್ಯಾನರ್ ಹಿಡಿದು ಬಿಚ್ಚಿ ವಾಷರ್ ಬದಲಾಯಿಸಬಹುದು, ಹಾಗಂತಲೇ ವಿನ್ಯಾಸ ಮಾಡಿದ್ದು. ನಮ್ಮೂರ ರಸ್ತೆ ಬದಿಯಲ್ಲಿ ಕಾಣೋ ಇಂಡಿಯಾ ಮಾರ್ಕ್-2 ಕೈಪಂಪೂ ಉಗಾಂಡದ ಹಳ್ಳಿಹಳ್ಳಿಯಲ್ಲಿದೆ. ಯಾರೂ ಅದರ ಜೊತೆ ಫೋಟೊ ತೆಗೆಸಿಕೊಳ್ಳಲ್ಲ, ನೀರು ಬರುತ್ತೆ.

ವಿ.ಸಿ. ಫಾರಂ ಹುಡ್ಗ · ಸೋಮವಾರ ರಾತ್ರಿ 10:41

ಸೋಲಾರ್ ಅಂದ್ರೆ ಎಲ್ಲಾ ಕೆಟ್ದು ಅನ್ಬೇಡಿ ಸಾ. ರಾಜಸ್ಥಾನದ ತಿಲೋನಿಯಾದಲ್ಲಿ ಬೇರ್‌ಫುಟ್ ಕಾಲೇಜ್ ಅಂತ ಐತೆ. ಆಫ್ರಿಕಾದ ಹಳ್ಳಿ ಅಜ್ಜೀರ್ನ ಕರ್ಕಬಂದು ಆರ್ ತಿಂಗ್ಳು ಸೋಲಾರ್ ಕೆಲ್ಸ ಕಲ್ಸ್ತಾರೆ, ಖರ್ಚು ನಮ್ ಕೇಂದ್ರ ಸರ್ಕಾರದ್ದು. ಭಾಸೆ ಬರಲ್ಲ, ಬಣ್ಣ ನೋಡ್ಕಂಡು ವೈರ್ ಜೋಡ್ಸಾದು. ಅಜ್ಜೀರೇ ಯಾಕೆ ಗೊತ್ತಾ? ಹುಡುಗ್ರಿಗೆ ಸರ್ಟಿಪಿಕೇಟ್ ಕೊಟ್ರೆ ಪಟ್ಣಕ್ಕೆ ಓಯ್ತಾರೆ. ಅಜ್ಜಿ ಊರ್ ಬುಟ್ಟು ಎಲ್ಲೂ ಓಗಲ್ಲ.

ಲೆಕ್ಕದ ಪುಸ್ತಕ · ಮಂಗಳವಾರ ಬೆಳಿಗ್ಗೆ 7:20

ಎಲ್ಲರೂ ದೊಡ್ಡ ವಿಚಾರ ಮಾತಾಡ್ತಿದ್ದೀರಿ, ನಾನು ಚಿಲ್ಲರೆ ವಿಚಾರ ಹೇಳ್ತೀನಿ. ದುಡ್ಡು ಯಾರ ಖಾತೆಯಲ್ಲಿದೆ? ಒಬ್ಬರ ಸ್ವಂತ ಖಾತೆಗೆ ನಲವತ್ತು ಜನ ಹಾಕಿದ್ದರೆ ಆದಾಯ ತೆರಿಗೆಯವರು ಕೇಳಬಹುದು, ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿ ಬಂದ ಉಡುಗೊರೆ ಆದಾಯದ ಲೆಕ್ಕ. ಟ್ರಸ್ಟ್ ಮಾಡಿ ಕಳಿಸೋಣ ಅಂದ್ರೆ, ದೇಶದ ಹೊರಗೆ ಖರ್ಚು ಮಾಡಿದ್ದಕ್ಕೆ ಟ್ರಸ್ಟಿನ ತೆರಿಗೆ ವಿನಾಯಿತಿಗೆ ವಿಶೇಷ ಅನುಮತಿ ಬೇಕು. ಸುಲಭದ ದಾರಿ, ನಾಲ್ಕೈದು ಜನ ತಂತಮ್ಮ ಪಾಲನ್ನ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸೋಕೆ ರಿಸರ್ವ್ ಬ್ಯಾಂಕ್ ಕೊಟ್ಟ ಅವಕಾಶ) ಅಡಿಯಲ್ಲಿ ಬ್ಯಾಂಕಿನಿಂದ ನೇರ ಶಾಲೆಯ ಖಾತೆಗೆ ಕಳಿಸಿ. ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್ ತನಕ ಅವಕಾಶ ಇದೆ, 10 ಲಕ್ಷ ರೂಪಾಯಿ ದಾಟದಿದ್ದರೆ ಟಿಸಿಎಸ್ (ಬ್ಯಾಂಕು ಮೊದಲೇ ಹಿಡಿಯೋ ತೆರಿಗೆ) ಇಲ್ಲ. 80ಜಿ, ಅಂದ್ರೆ ದಾನಕ್ಕೆ ತೆರಿಗೆ ರಿಯಾಯಿತಿ, ಸಿಗುತ್ತಾ ಅಂತ ಕೇಳಬೇಡಿ, ಸಿಗಲ್ಲ.

ಅರಸೀಕೆರೆ ಪ್ಯಾಸೆಂಜರ್ · ನಾಲ್ಕು ತಿಂಗಳ ನಂತರ, ಗುರುವಾರ ರಾತ್ರಿ 9:15

ಈ ಚರ್ಚೆ ಅರ್ಧಕ್ಕೆ ಬಿಟ್ಟುಹೋದೆ ಅಂತ ಬೈದುಕೊಂಡಿರಬಹುದು. ಒರತೆ ಅಕ್ಕ ಬರೆದದ್ದು ಓದಿದಮೇಲೆ ನಾವು ಏನು ಕೊಡ್ತೀವಿ ಅಂತ ಹೇಳೋದು ಬಿಟ್ಟು ನಿಮಗೇನು ಬೇಕು ಅಂತ ಶಾಲೆಗೆ ಕಾಗದ ಬರೆದೆವು. ಅಲ್ಲಿ ನಮ್ಮ ಎಸ್‌ಡಿಎಂಸಿ ಥರ ಒಂದು ಆಡಳಿತ ಸಮಿತಿ ಇರುತ್ತೆ. ಉತ್ತರ ಬರೋಕೆ ಏಳು ವಾರ ಆಯ್ತು, ಯಾಕಂದ್ರೆ ಪೋಷಕರ ಸಭೆ ಕರೆದು ಕೇಳಿದರಂತೆ. ಮೂರು ಕೇಳಿದ್ದಾರೆ. ಒಂದು, ಮಾಡಿನ ತಗಡಿಗೆ ದೋಣಿ ಹಾಕಿ ಮಳೆನೀರು ಹಿಡಿಯೋಕೆ 10,000 ಲೀಟರಿನ ಎರಡು ಟ್ಯಾಂಕು. ಎರಡು, ಹೊಳೆ ತಿರುವಿನಲ್ಲಿ ಹೆಂಗಸರ ಗುಂಪು ಕಟ್ಟುತ್ತಿರೋ ಮರಳ ಕಟ್ಟೆಗೆ ಸಿಮೆಂಟು. ಮೂರು, ಹುಡುಗಿಯರ ಶೌಚಾಲಯದ ಬಾಗಿಲುಗಳಿಗೆ ಒಳಗಿಂದ ಚಿಲಕ. ಚಿಲಕ! ನಾನು ಆ ಸಾಲನ್ನ ಮೂರು ಸಲ ಓದಿದೆ. ಸರ್ಕಾರ ಕೊಟ್ಟ ಟ್ಯಾಬ್ಲೆಟ್‌ಗಳು ಆಗಲೇ ಒಂದು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇವೆ, ಕಂಪ್ಯೂಟರ್ ಸದ್ಯಕ್ಕೆ ಬೇಡ ಅಂತ ಕೊನೆಯಲ್ಲಿ ಬಹಳ ಮರ್ಯಾದೆಯಿಂದ ಬರೆದಿದ್ದಾರೆ.

ಬ್ಯಾಚಿನಲ್ಲಿ ಗಲಾಟೆ ಆಯ್ತು. ಚಿಲಕಕ್ಕೆ ಯಾರಾದ್ರೂ ಬೋರ್ಡ್ ಹಾಕ್ತಾರಾ ಅಂತ ಐದು ಜನ ಗ್ರೂಪ್ ಬಿಟ್ಟರು, ಮೂವರು ವಾಪಸ್ ಬಂದರು. ಟ್ಯಾಂಕಿನ ದುಡ್ಡು ಹೋಗಿದೆ, ಚಿಲಕ ಹಾಕಿದ ಫೋಟೊ ಬಂದಿದೆ. ಕಟ್ಟೆಗೆ ತಳದ ಬಂಡೆ ಸಿಕ್ಕಿದೆಯಂತೆ, ಅಕ್ಟೋಬರ್ ಮಳೆಗೆ ಮುಂಚೆ ಗೋಡೆ ಮೇಲೇಳಬೇಕು. ಸಿಮೆಂಟು ಎರಡು ಕಂತಿನಲ್ಲಿ, ಮೊದಲ ಲೋಡ್ ಬರೋ ಬುಧವಾರ. ಅಕ್ಕ, ಇನ್ನೇನಾದರೂ ನೋಡ್ಕೋಬೇಕಾ?

ಒರತೆ · ಗುರುವಾರ ರಾತ್ರಿ 9:50

ಲೋಡ್ ಇಳಿಸುವಾಗ ಚೀಲ ಎಣಿಸೋಕೆ ಹೆಂಗಸರ ಗುಂಪಿನ ಖಜಾಂಚಿಯನ್ನ ನಿಲ್ಲಿಸಿ, ನಿಮ್ಮ ಎಂಜಿನಿಯರನ್ನಲ್ಲ. ಎರಡು ವರ್ಷ ಅಲ್ಲೇ ಇದ್ದು ಹಳದಿ ಕ್ಯಾನ್ ನೋಡದವನು ಸಿಮೆಂಟ್ ಚೀಲ ಏನು ನೋಡ್ತಾನೆ.

ಅರಸೀಕೆರೆ ಪ್ಯಾಸೆಂಜರ್ · ಗುರುವಾರ ರಾತ್ರಿ 9:58

ಅವನೂ ಇದನ್ನ ಓದ್ತಿದ್ದಾನೆ ಅಕ್ಕ. ಹೋದ ಶನಿವಾರ ಕಲ್ಲು ಹೊರೋಕೆ ತಡವಾಗಿ ಹೋದ ಅಂತ ಅವನಿಗೂ ದಂಡ ಬಿದ್ದಿದೆಯಂತೆ. ಈಗ 100 ಶಿಲ್ಲಿಂಗ್ ಆಗಿದೆ.